ಬೆನ್ನು ಹಾಕಿದ ದಿನ

ಯುಗಾದಿ ಕಳೆಯುತ್ತಿದ್ದಂತೆ ನಮ್ಮೂರಿಗೆ ಗುಡ್ಡಗಳು ಬರತೊಡಗುತ್ತವೆ. ಬಡಗಣದ ಕೋಡುಗಲ್ಲಿನ ಮರೆಯಿಂದ ಮೊದಲು ಒಂದು ಬಿಳಿ ತುದಿ ಕಾಣಿಸುತ್ತದೆ, ಆಮೇಲೆ ಹೆಗಲು, ಆಮೇಲೆ ಇಡೀ ಮಂಜಿನ ಗುಡ್ಡ. ಮದುವೆಮನೆಗೆ ಹೊರಟ ಹಿರಿಯರ ಹಾಗೆ, ಅವಸರವಿಲ್ಲದೆ, ಕಡಲ ಮೇಲೆ ತೇಲುತ್ತ ತೆಂಕಣಕ್ಕೆ ಸಾಗುತ್ತದೆ. ಕೋಡುಗಲ್ಲಿನ ಬಳಿ ಕಂಡ ಗಳಿಗೆಯಿಂದ ತೆಂಕಣ ತುದಿಯ ಬೋಳುಮೂತಿ ಬಂಡೆಯ ಆಚೆ ಮರೆಯಾಗುವವರೆಗೆ ಊರಿನ ಯಾರಾದರೊಬ್ಬರ ಕಣ್ಣು ಅದರ ಮೇಲಿರಬೇಕು. ಇದ್ದರೆ ಗುಡ್ಡ ತನ್ನ ದಾರಿ ಹಿಡಿದು ಹೋಗುತ್ತದೆ. ಇಲ್ಲದಿದ್ದರೆ ದಡಕ್ಕೆ ತಿರುಗುತ್ತದೆ.

ಇಷ್ಟೇ ವಿಷಯ. ಇದಕ್ಕಾಗಿ ನಾವೇನೂ ಹೆದರಿ ಬದುಕುವವರಲ್ಲ. ನಮ್ಮೂರಿನ ಹೆಂಗಸರು ಕಡಲ ಕಡೆಯಿಂದ ಕಣ್ಣು ಕೀಳದೆ ಬೆರಳ ತುದಿಯಲ್ಲೇ ಅಕ್ಕಿಯ ಕಲ್ಲು ಆರಿಸಬಲ್ಲರು, ಮೀನು ಸೀಳಬಲ್ಲರು, ಮಕ್ಕಳ ಜಡೆ ಹೆಣೆಯಬಲ್ಲರು, ಪಕ್ಕದವಳ ಜೊತೆ ಹೊಟ್ಟೆ ತುಂಬ ಜಗಳವನ್ನೂ ಆಡಬಲ್ಲರು. ಹೊರಗಿನಿಂದ ಬಂದ ಸೊಸೆಯಂದಿರು ಮೊದಮೊದಲು ಅತ್ತೆ ಮುಖ ಕೊಟ್ಟು ಮಾತಾಡುವುದಿಲ್ಲ ಎಂದು ಅಳುತ್ತಾರೆ. ಕೆಲವು ವಸಂತ ಕಳೆದರೆ ಅವರೂ ಗಂಡನ ಹತ್ತಿರ ಕಡಲು ನೋಡುತ್ತಲೇ ಮಾತಾಡಲು ಕಲಿಯುತ್ತಾರೆ. ಹೆಣ್ಣು ನೋಡಲು ಬಂದವರು ಇಲ್ಲಿ ಹಾಡು ಬರುತ್ತದೆಯೇ ಎಂದು ಕೇಳುವುದಿಲ್ಲ, ಕಣ್ಣು ನಿಲ್ಲುತ್ತದೆಯೇ ಎಂದು ಕೇಳುತ್ತಾರೆ. ಯುಗಾದಿಗೆ ಬೇವು ಸಿಗದ ಊರು ನಮ್ಮದು. ಕಡಲಪಾಚಿಯನ್ನು ಒಣಗಿಸಿ, ಪುಡಿಮಾಡಿ ಬೆಲ್ಲಕ್ಕೆ ಬೆರೆಸಿಕೊಳ್ಳುತ್ತೇವೆ. ಕಹಿಗೇನೂ ಕೊರತೆಯಾಗುವುದಿಲ್ಲ.

ಕಣ್ಣಿನ ಸರದಿ ಹಂಚುವ ಕೆಲಸ ನನ್ನದು, ಅತ್ತೆಯಿಂದ ಬಂದದ್ದು. ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರಿಗೆ ಕಣ್ಣುಬೇನೆ, ಯಾರು ಬರುತ್ತೇನೆಂದು ಬಂದು ಕೂತಲ್ಲೇ ತೂಕಡಿಸುತ್ತಾರೆ, ಎಲ್ಲ ನನ್ನ ತಲೆಯಲ್ಲಿರುತ್ತದೆ. ನನ್ನ ಹೆಸರು ಮಾದೇವಿ, ಊರಿಗೆ ಮಾದೇವಕ್ಕ. ಬಾಯಿ ಜೋರು ಎನ್ನುತ್ತಾರೆ, ಸುಳ್ಳಲ್ಲ. ಕಡಲ ಗಾಳಿಯಲ್ಲಿ ಮೆಲ್ಲಗೆ ಮಾತಾಡಿದವರ ಮಾತು ಯಾರಿಗೆ ಕೇಳಿಸಿದೆ?

ಈ ಕಾವಲನ್ನು ನಂಬದವನೆಂದರೆ ಊರಿಗೆಲ್ಲ ಹಮ್ಮಣ್ಣ ಒಬ್ಬನೇ. ಒಳ್ಳೆಯ ಮೀನುಗಾರ. ದೋಣಿಗಿಂತ ಅವನ ನಾಲಿಗೆ ಚುರುಕು. ಪ್ರತಿ ವರ್ಷ ಸರದಿ ಹಂಚುವ ದಿನ ಎದ್ದು ನಿಂತು ಶುರುಮಾಡುತ್ತಿದ್ದ. "ಅಕ್ಕಾ, ಗುಡ್ಡ ಹೋಗೂದು ನೀರಿನ ಸೆಳೆತಕ್ಕೆ, ನಿನ್ನ ಕಣ್ಣಿಗಲ್ಲ. ನೀ ನೋಡ್ತೆ ಅಂತ ಸೂರ್ಯ ಮುಳುಗ್ತದ್ಯಾ?"

"ಹಾಗಾದ್ರೆ ಹಳೇ ಮೀನುಕಟ್ಟೆ ಹೇಗೆ ಹೋಯ್ತಾ?" ಎಂದು ನಾನು ಕೇಳುತ್ತಿದ್ದೆ. ನನ್ನ ಅತ್ತೆ ಚಿಕ್ಕವರಿದ್ದಾಗ, ದೊಡ್ಡವರ ಮನೆಯ ಮದುವೆಯೂಟಕ್ಕೆ ಊರಿಗೆ ಊರೇ ಎದ್ದು ಹೋಗಿ, ಗುಡ್ಡವೊಂದು ಒಳಗೆ ಬಂದು ಮೀನುಕಟ್ಟೆಯನ್ನು ಊರ ಹಿಂದಿನ ದಿಬ್ಬದವರೆಗೆ ತಳ್ಳಿತ್ತು.

"ಅದು ಬಿರುಗಾಳಿಗೆ ಬಂದದ್ದು" ಎನ್ನುತ್ತಿದ್ದ ಅವನು. ಇಷ್ಟಾದರೂ ತನ್ನ ಸರದಿಯನ್ನು ಒಮ್ಮೆಯೂ ತಪ್ಪಿಸಿದವನಲ್ಲ. ಯಾಕೆ ಎಂದು ಕೇಳಿದರೆ, "ತಪ್ಪಿಸಿದ್ರೆ ನೀಲು ಅನ್ನ ಹಾಕೂದಿಲ್ಲ" ಎಂದು ನಗುತ್ತಿದ್ದ. ನೀಲು ಎಂದರೆ ಅವನ ಹೆಂಡತಿ ನೀಲಾವತಿ. ಊರಿನಲ್ಲೇ ಗಟ್ಟಿ ಕಣ್ಣು ಅವಳದು. ಮಾತು ಕಡಿಮೆ. ಗಂಡ ಇಬ್ಬರ ಪಾಲಿನದನ್ನೂ ಆಡುತ್ತಾನಲ್ಲ ಎಂದು ನಾನು ಅವಳನ್ನು ಚೇಷ್ಟೆ ಮಾಡುವುದಿತ್ತು.

ಆ ವಸಂತದಲ್ಲಿ ಚಳಿ ಬೇಗ ಹಿಂದೆಗೆಯಿತು. ಮೀನು ವಿಪರೀತ ಬಿತ್ತು. ಬುಟ್ಟಿಗಳಲ್ಲಿ ಹಿಡಿಸದೆ ಅಂಗಳದಲ್ಲಿ ಸುರಿದುಕೊಂಡು ಕೂತಿದ್ದೆವು. ಕೆಡದಂತೆ ಇಡಲು ಮಂಜುಗಡ್ಡೆ ಬೇಕು. ಸಾಮಾನ್ಯವಾಗಿ ದಡಕ್ಕೆ ತೇಲಿ ಬರುವ ಚೂರುಗಳನ್ನೇ ಆರಿಸಿ ತರುತ್ತೇವೆ, ಅವು ಒಂದೇ ಹಗಲಿಗೆ ಕರಗಿ ನೀರಾಗುತ್ತವೆ. ದೊಡ್ಡ ಗುಡ್ಡದ ಗಡ್ಡೆ ಹಾಗಲ್ಲ, ಕಲ್ಲಿನಂಥದ್ದು, ವಾರಗಟ್ಟಲೆ ಬಾಳುತ್ತದೆ. ಅದನ್ನು ಕಡಿದು ತರುತ್ತೇನೆಂದು ಹಮ್ಮಣ್ಣ ಯಾರಿಗೂ ಹೇಳದೆ, ಕೊಡಲಿ, ಗೋಣಿಚೀಲ ಹಾಕಿಕೊಂಡು ಬೆಳಗಿನಲ್ಲೇ ಹೊರಟುಬಿಟ್ಟಿದ್ದ. ಗುಡ್ಡದ ಆಚೆ ಮಗ್ಗುಲಿಗೆ ದೋಣಿ ಹಚ್ಚಿದ್ದರಿಂದ ಕಾವಲಿನವರ ಕಣ್ಣಿಗೆ ಬೀಳಲಿಲ್ಲ.

ಆ ಗುಡ್ಡವೋ, ನಾನು ಕಂಡವುಗಳಲ್ಲೇ ದೊಡ್ಡದು. ಹೊಟ್ಟೆಯಲ್ಲಿ ನೀಲಿ ಬಣ್ಣ ತುಂಬಿಕೊಂಡು, ಒಂದು ಹೆಗಲು ತಗ್ಗು ಮಾಡಿಕೊಂಡು ಬರುತ್ತಿತ್ತು. ಆಗ ನೀಲಾವತಿಯ ಸರದಿ. ಅವಳು ಕಾವಲುಗಲ್ಲಿನ ಮೇಲೆ ಕಂಬಳಿ ಹೊದ್ದು ಕೂತಿದ್ದಳು. ನಾನು ಶುಂಠಿ ಕಷಾಯ ತಂದು ಅವಳ ಕೈಗೆ ಕೊಟ್ಟೆ.

"ಅಕ್ಕಾ, ಗುಡ್ಡದ ಹೆಗಲ ಮೇಲೆ ಎಂತದೋ ಹಂದಾಡ್ತಾ ಉಂಟು" ಎಂದಳು.

"ಕಡಲನಾಯಿ ಇರ್ಬೇಕೇ."

ಅವಳು ಸ್ವಲ್ಪ ಹೊತ್ತು ನೋಡಿದಳು. "ಕಡಲನಾಯಿ ಕೆಂಪು ರುಮಾಲು ಸುತ್ತೂದಿಲ್ಲ. ಅದು ನಮ್ಮನೆಯವರು."

ದನಿ ಒಂದು ಎಳೆಯೂ ಏರಲಿಲ್ಲ, ಕಣ್ಣು ಅಲ್ಲಾಡಲಿಲ್ಲ. ಲೋಟದೊಳಗಿನ ಕಷಾಯ ಮಾತ್ರ ತುಳುಕಿ ಅವಳ ಮೊಣಕಾಲಿನ ಮೇಲೆ ಚೆಲ್ಲಿತು. ಅದು ಸುಡುತ್ತಿದೆ ಎನ್ನುವುದೂ ಅವಳಿಗೆ ತಿಳಿಯಲಿಲ್ಲ.

ನಾನು ಕೂಗು ಹಾಕಿದೆ. ಊರು ದಡಕ್ಕೆ ಓಡಿ ಬಂತು. ಆಮೇಲೆ ತಿಳಿದದ್ದು, ಗುಡ್ಡದ ಅಂಚು ಕಳಚಿ ಬಿದ್ದ ರಭಸಕ್ಕೆ ಅವನ ದೋಣಿ ಹಗ್ಗ ಹರಿದುಕೊಂಡು ಹೋಗಿತ್ತು. ಅವನು ಹೇಗೋ ಕೊಡಲಿಯಿಂದ ಮೆಟ್ಟಿಲು ಕಡಿದುಕೊಂಡು ನಮ್ಮ ಕಡೆಯ ಹೆಗಲಿಗೆ ಹತ್ತಿ ಬಂದು ರುಮಾಲು ಬೀಸುತ್ತಿದ್ದ. ಬಂದರಿನ ಹಿರಿಯರಾದ ಪರಮಯ್ಯ ತಮ್ಮ ದೊಡ್ಡ ದೋಣಿಯನ್ನು ಇಳಿಸಿದರು. ಹಿಂದೆಯೇ ಇನ್ನೊಂದು ಹೋಯಿತು. ಆದರೆ ಗುಡ್ಡಕ್ಕೂ ದಡಕ್ಕೂ ನಡುವೆ ಅದರಿಂದಲೇ ಒಡೆದ ಗಡ್ಡೆಗಳು ಬೀಸುಕಲ್ಲಿನಂತೆ ಒಂದಕ್ಕೊಂದು ಉಜ್ಜಿಕೊಳ್ಳುತ್ತಿದ್ದವು. ಅರ್ಧ ದಾರಿಯೂ ಹೋಗಲಾಗಲಿಲ್ಲ. ಎರಡನೆಯ ದೋಣಿಯ ಹಲಗೆ ಒಡೆದು, ಅದರಲ್ಲಿದ್ದವರನ್ನು ಪರಮಯ್ಯನವರ ದೋಣಿಗೆ ಎಳೆದುಕೊಂಡು, ನೀರು ಮೊಗೆಯುತ್ತ ವಾಪಸ್ಸು ಬಂದರು. ಪರಮಯ್ಯನವರ ಒಂದು ಕೈ ಜಜ್ಜಿಹೋಗಿತ್ತು. "ಆಗೂದಿಲ್ಲ" ಎಂದು ಮರಳ ಮೇಲೆ ಕೂತುಬಿಟ್ಟರು.

ಗುಡ್ಡ ಮಾತ್ರ ನಡೆದೇ ಇತ್ತು. ಬೋಳುಮೂತಿ ದಾಟಿದರೆ ತೆರೆದ ಕಡಲು. ಅಲ್ಲಿಂದಾಚೆ ಹೋದ ಗುಡ್ಡವನ್ನು ಮತ್ತೆ ಕಂಡವರಿಲ್ಲ.

ದಡದಲ್ಲಿದ್ದವರು ಒಮ್ಮೆ ಗುಡ್ಡವನ್ನು, ಒಮ್ಮೆ ಮನೆಸಾಲನ್ನು ನೋಡಿದರು. ಎಲ್ಲರ ಮನಸ್ಸಿಗೂ ಒಂದೇ ಯೋಚನೆ ಬಂದಿತ್ತು, ಯಾರ ನಾಲಿಗೆಗೂ ಬರುತ್ತಿರಲಿಲ್ಲ. ದಡದುದ್ದಕ್ಕೂ ಮನೆಗಳಿವೆ, ಬಲೆಮನೆಗಳಿವೆ, ಉಪ್ಪುಮೀನಿನ ಚಪ್ಪರಗಳಿವೆ. ಯಾರು ಹೇಳಬೇಕು? ಸರದಿ ಹಂಚುವವಳೇ ಸರದಿ ಬಿಡಿಸಬೇಕಲ್ಲ. ನಾನು ಹೇಳಿದೆ. "ನೋಡೂದು ಬಿಡುವ. ಎಲ್ರೂ ಬೆನ್ನು ಹಾಕುವ. ಗುಡ್ಡವೇ ಅವನನ್ನ ತಂದು ಬಿಡ್ಲಿ."

ಪರಮಯ್ಯ ತಲೆಯೆತ್ತಿದರು. "ಮಾದೇವೀ, ಒಬ್ಬನ ಸಲುವಾಗಿ ಇಡೀ ಸಾಲು ಮನೆ ಹೋಗೂದಾ?"

"ಇಡೀ ಸಾಲು ಎಂತಕ್ಕೆ ಹೋಗ್ತದೆ ಪರಮಣ್ಣ? ಈಗಲೇ ಬಿಟ್ರೆ ನಿಮ್ಮ ಸಾಲಿಗೆ ಬರ್ತದೆ. ಇನ್ನೂ ಸ್ವಲ್ಪ ನೋಡ್ತಾ ತಡೆದು ಮುಂದೆ ಕಳಿಸ್ವ. ನಮ್ಮನೆ ಎದುರಿಗೆ ಬಂದಾಗ ಬಿಡುವ. ಅಲ್ಲಿ ಮರಳು ಬಿಟ್ರೆ ನಮ್ಮದೊಂದೇ ಮನೆ."

ಹೇಳಿದ ಮೇಲೆ ನಮ್ಮನೆಯವರ ಕಡೆ ನೋಡಿದೆ. ಅವರು ನನ್ನನ್ನೇ ನೋಡುತ್ತಿದ್ದರು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ನನ್ನ ಮಾತಿಗೆ ಅವರು ಎದುರಾಡಿದ್ದು ಕಡಿಮೆ, ಒಪ್ಪಿದ್ದೂ ಕಡಿಮೆ. ತಲೆ ಕೆರೆದುಕೊಂಡು, "ಹಾಗಾದ್ರೆ ಕೋಳಿಗಳನ್ನ ಹೊರಗೆ ಬಿಡ್ಬೇಕು" ಎಂದು ಮನೆ ಕಡೆ ಹೊರಟರು. ಅವರ ಹಿಂದೆ ನಾಲ್ಕು ಜನ ಹೋಗಿ ಅಕ್ಕಿಮುಡಿ, ಹಾಸಿಗೆ, ಅತ್ತೆಯ ಕಾಲದ ರುಬ್ಬುಗುಂಡು ಎಲ್ಲವನ್ನೂ ದಿಬ್ಬದ ಮೇಲಕ್ಕೆ ಹೊತ್ತರು. ಬಾಗಿಲನ್ನೂ ಕಳಚಿ ತಂದರು. ಒಳ್ಳೆಯ ಮರದ್ದು, ಹಾಳಾಗಬಾರದು ಎಂದರಂತೆ.

ಇನ್ನೊಂದು ತೊಡಕಿತ್ತು. ಗುಡ್ಡದ ಮೇಲಿರುವವನ ಕಣ್ಣು ಲೆಕ್ಕಕ್ಕೆ ಬರುತ್ತದೆಯೋ ಇಲ್ಲವೋ? ಹಕ್ಕಿಗಳ ನೋಟಕ್ಕೆ ಬೆಲೆಯಿಲ್ಲ ಎನ್ನುವುದು ಗೊತ್ತು. ಇಲ್ಲದಿದ್ದರೆ ನಾವು ಕಾಯುವ ಅಗತ್ಯವೇ ಇರಲಿಲ್ಲ. ಆದರೆ ಹಮ್ಮಣ್ಣ ಊರಿನವನು, ಮನುಷ್ಯ. ಕಾಲ ಕೆಳಗೇ ಇರುವುದನ್ನು ನೋಡದೆ ಇರುತ್ತಾನೆಯೇ? "ಮನೆಯೊಳಗೆ ಕೂತವ ಮನೆ ನೋಡ್ತಾ ಇರ್ತಾನಾ?" ಎಂದು ಒಬ್ಬರೆಂದರು. "ಸೂರು ಸೋರ್ತಾ ಇದ್ರೆ ನೋಡ್ದೆ ಎಂತ ಮಾಡ್ತಾನೆ?" ಎಂದು ಇನ್ನೊಬ್ಬರು. ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದಿರುವಾಗ ಮುಚ್ಚಿಸುವುದೇ ಮೇಲು ಎಂದು ನಾನು ತೀರ್ಮಾನಿಸಿದೆ. ಆದರೆ ಅಷ್ಟು ದೂರಕ್ಕೆ, ಗಾಳಿಗೆ ಎದುರಾಗಿ, ಅದನ್ನು ಅವನಿಗೆ ತಿಳಿಸುವುದು ಹೇಗೆ?

ನೀಲಾವತಿ ಕಾವಲುಗಲ್ಲಿನ ಮೇಲೆ ಎದ್ದು ನಿಂತಳು. ಕಂಬಳಿ ಕಳಚಿದಳು. ಸೆರಗನ್ನು ಎರಡೂ ಕೈಯಿಂದ ಅಗಲವಾಗಿ ಹಿಡಿದು ಮುಖದ ಮೇಲೆ ಎಳೆದುಕೊಂಡಳು, ತೆಗೆದಳು, ಅವನ ಕಡೆ ಕೈ ತೋರಿಸಿದಳು, ಮತ್ತೆ ಮುಖ ಮುಚ್ಚಿಕೊಂಡಳು. ಹಾಗೆ ಎಷ್ಟೋ ಸಲ ಮಾಡಿದಳು. ಗುಡ್ಡದ ಮೇಲೆ ರುಮಾಲು ಬೀಸುವುದು ನಿಂತಿತು. ಅವನು ನೋಡುತ್ತಿದ್ದಾನೆ ಎಂದು ಗೊತ್ತಾಯಿತು, ಅರ್ಥವಾಯಿತೋ ಇಲ್ಲವೋ ಗೊತ್ತಾಗಲಿಲ್ಲ.

ಗುಡ್ಡ ನಮ್ಮ ಮನೆಯ ಎದುರಿಗೆ ಬಂತು. ಕೋಡುಗಲ್ಲಿನ ಕಡೆ ಬೇರೆ ಗುಡ್ಡವಿಲ್ಲ ಎಂದು ಖಾತ್ರಿ ಮಾಡಿಕೊಂಡೆ. ಕಡಲ ಕಡೆಯ ಕಿಟಕಿಗಳನ್ನೆಲ್ಲ ಮುಚ್ಚಿಸಿದ್ದಾಗಿತ್ತು. ಕಂಕುಳ ಕೂಸುಗಳನ್ನು ಎದೆಗೆ ಒತ್ತಿಕೊಳ್ಳಿ ಎಂದೆ. "ಹೂಂ, ತಿರುಗಿ!"

ಊರಿಗೆ ಊರೇ ಕಡಲಿಗೆ ಬೆನ್ನು ಹಾಕಿ ನಿಂತಿತು. ಕೊನೆಗೆ ತಿರುಗಿದವಳು ನೀಲಾವತಿ. ಅವಳ ಭುಜ ಹಿಡಿದು ನಾನೇ ತಿರುಗಿಸಬೇಕಾಯಿತು. ಹುಟ್ಟಿದಂದಿನಿಂದ ಕಡಲನ್ನು ನೋಡಿಕೊಂಡೇ ಬಂದ ಜನ ನಾವು. ಎದುರಿಗೆ ಈಗ ದಿಬ್ಬ. ಅದರ ಮೇಲೆ ಹಳದಿ ಹೂ ಬಿಟ್ಟಿದೆ ಎನ್ನುವುದನ್ನು ವಸಂತದಲ್ಲಿ ನಾನು ನೋಡಿದ್ದು ಅವತ್ತೇ ಮೊದಲು.

ಏನೂ ಆಗಲಿಲ್ಲ. ಅಲೆಗಳ ಸದ್ದು ಇದ್ದ ಹಾಗೇ ಇತ್ತು. ಗಾಳಿಯೂ ಅಷ್ಟೇ. ನಿಂತವರ ಕಾಲು ಸೋಲತೊಡಗಿತು. "ಒಂದು ಸಲ ತಿರುಗಿ ನೋಡುವನಾ?" ಎಂದು ಯಾರೋ ಕೇಳಿದರು.

"ತಿರುಗಿದವರ ಕಣ್ಣು ನಾನೇ ಕೀಳ್ತೆ" ಎಂದೆ.

ಹೇಳುವುದೇನೋ ಹೇಳಿದೆ. ಒಳಗೆ ಮಾತ್ರ ಹಮ್ಮಣ್ಣನ ಮಾತು ಕೆರೆಯುತ್ತಿತ್ತು. ನೀರಿನ ಸೆಳೆತವೇ ಆಗಿದ್ದರೆ? ನಾವಿಲ್ಲಿ ಹೂವು ನೋಡುತ್ತ ನಿಂತಾಗ ಅವನು ಅಲ್ಲಿ ಬೋಳುಮೂತಿ ದಾಟುತ್ತಿದ್ದರೆ? ಆದರೂ ನಾನು ತಿರುಗಲಿಲ್ಲ. ಸರಿಯೋ ತಪ್ಪೋ, ಒಂದು ಕೆಲಸಕ್ಕೆ ಕೈ ಹಾಕಿದ ಮೇಲೆ ಅರ್ಧಕ್ಕೆ ಬಿಟ್ಟರೆ ಅದು ಎರಡೂ ಅಲ್ಲದೆ ಹಾಳಾಗುತ್ತದೆ. ಮದುವೆಯಾಗಿ ಬಂದ ವರ್ಷ ಅತ್ತೆ ನನಗೆ ಕಲಿಸಿದ ಪಾಠ ಅದು, ಹಿಟ್ಟು ನಾದುವಾಗ.

ನೀಲಾವತಿಯ ಕೈ ನನ್ನ ಕೈಯೊಳಗಿತ್ತು. "ಅಕ್ಕಾ, ಅವರು ಕಣ್ಣು ಮುಚ್ಚಿರ್ತಾರಾ?" ಎಂದು ಕೇಳಿದಳು.

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಗೊತ್ತಿಲ್ಲ ತಂಗೀ."

ಅವಳು ಉಸಿರೆಳೆದುಕೊಂಡಳು. ಆಮೇಲೆ ಆ ಮೆತ್ತಗಿನ ಹೆಂಗಸು, ಯಾರೂ ಅವಳ ಬಾಯಲ್ಲಿ ಕೇಳಿರದ ದನಿಯಲ್ಲಿ, ದಿಬ್ಬಕ್ಕೆ ಮುಖ ಮಾಡಿಯೇ ಕೂಗಿದಳು. "ಕಣ್ಣು ಮುಚ್ಕಳೀ! ಹೋಯ್, ನಾನು ಹೇಳೂದು, ಕಣ್ಣು ಮುಚ್ಕಳೀ!"

ಕೂಗು ದಿಬ್ಬಕ್ಕೆ ಬಡಿದು, ನಮ್ಮ ತಲೆಯ ಮೇಲಿಂದ ಹಾಯ್ದು ಕಡಲಿಗೆ ಹೋಯಿತು. ಅದನ್ನು ಕೇಳಿ ಪರಮಯ್ಯ ಕೂಗಿದರು. ನಾನು ಕೂಗಿದೆ. ಇಡೀ ಊರು ಒಂದೇ ಬಾಯಾಗಿ ದಿಬ್ಬದ ಮೇಲೆ ಕೂಗು ಎಸೆಯಿತು, ದಿಬ್ಬ ಅದನ್ನು ಎತ್ತಿ ಕಡಲ ಮೇಲೆ ಎಸೆಯಿತು. "ಕಣ್ಣು ಮುಚ್ಚೂ! ಹಮ್ಮಣ್ಣಾ, ಕಣ್ಣು ಮುಚ್ಚೂ!" ಗಂಟಲು ಕಟ್ಟುವವರೆಗೆ ಕೂಗಿದೆವು.

ಕೂಗು ನಿಂತ ಮೇಲೆ ಮೊದಲು ತಿಳಿದದ್ದು ನನ್ನ ಕುತ್ತಿಗೆಗೆ. ಹಿಂದಿನಿಂದ ಯಾರೋ ಒದ್ದೆ ಬಟ್ಟೆ ಇಟ್ಟಂತೆ ತಣ್ಣಗಾಯಿತು. ಅಕ್ಕಪಕ್ಕದವರೂ ಭುಜ ಕುಗ್ಗಿಸಿದರು. ಆಮೇಲೆ ಬಿಸಿಲು ಹೋಯಿತು. ನಮ್ಮ ಮುಂದಿದ್ದ ನಮ್ಮ ನೆರಳುಗಳನ್ನು ಒಂದು ದೊಡ್ಡ ನೆರಳು ಮರಳಿನಿಂದ ಒರೆಸಿಕೊಂಡು ದಿಬ್ಬದ ಹೂಗಳವರೆಗೆ ಏರಿತು. ಮಕ್ಕಳು ಅಳಲು ಶುರುಮಾಡಿದವು. "ಅಲ್ಲಾಡ್ಬೇಡಿ" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಕಡಲ ತಳವನ್ನು ಉಳುವಂಥ ಸದ್ದು ಎದ್ದಿತ್ತು. ನೆಲ ನಡುಗಿತು. ಒಂದು ದೊಡ್ಡ ನೀರು ಬಂದು ಮೊಣಕಾಲಿನವರೆಗೆ ಏರಿ, ಇಳಿಯಿತು. ಮುದುಕರನ್ನು ಗಟ್ಟಿಗರು ಹಿಡಿದುಕೊಂಡರು. ಬಲಗಡೆಯಲ್ಲಿ ಗೋಡೆ ಬೀಳುವ ಸದ್ದು, ಹೆಂಚುಗಳು ಒಂದರ ಹಿಂದೊಂದು ಒಡೆಯುವ ಸದ್ದು. ನನ್ನ ಮನೆ ಎಂದು ಗೊತ್ತಾಯಿತು. ಅಡುಗೆಮನೆ ಯಾವುದು, ಜಗಲಿ ಯಾವುದು ಎಂದು ಸದ್ದಿನಲ್ಲೇ ಗುರುತು ಸಿಕ್ಕಿತು. ಆಮೇಲೆ ಎಲ್ಲ ನಿಂತಿತು.

"ತಿರುಗ್ಲಾ?" ಎಂದು ನೀಲಾವತಿ ಪಿಸುಗುಟ್ಟಿದಳು.

"ಇನ್ನೂ ಬೇಡ." ಗುಡ್ಡ ಪೂರ್ತಿ ನಿಂತಿತೆಂದು ನನಗೆ ನಂಬಿಕೆಯಾಗಿರಲಿಲ್ಲ. ಈಗ ನೋಡಿದರೆ ಮತ್ತೆ ಹಿಂದಕ್ಕೆ ಹೊರಟೀತು.

ಆಗ ನಮ್ಮ ಬೆನ್ನ ಹಿಂದೆ, ತೀರಾ ಹತ್ತಿರದಲ್ಲಿ, ಎತ್ತರದಿಂದ, ಚಳಿಗೆ ಹಲ್ಲು ಕಟಕಟಿಸುತ್ತಿದ್ದ ಒಂದು ದನಿ ಕೇಳಿತು. "ಎಲ್ರೂ ನಿಂತಲ್ಲೇ ಸತ್ರಾ ಎಂತದು? ಯಾರಾದ್ರೂ ಒಬ್ರು ಇತ್ಲಾಗೆ ನೋಡ್ರೋ! ನನ್ನ ಕಣ್ಣು ಅಂಟಿ ಹೋಗಿದೆ!"

ಎಲ್ಲರೂ ಒಟ್ಟಿಗೆ ತಿರುಗಿದೆವು. ಗುಡ್ಡ ಮರಳಿನಲ್ಲಿ ಹೊಟ್ಟೆ ಊರಿ, ನಮ್ಮ ಮನೆಯ ಮುಂಭಾಗವನ್ನು ಮಡಿಲಿಗೆ ಹಾಕಿಕೊಂಡು ಕೂತಿತ್ತು. ತಗ್ಗು ಹೆಗಲ ಮೇಲೆ ಹಮ್ಮಣ್ಣ, ಕೊಡಲಿಯ ಕಾವನ್ನು ಎರಡು ಕೈಯಲ್ಲಿ ಅಪ್ಪಿಕೊಂಡು, ಕೆಂಪು ರುಮಾಲನ್ನು ಕಣ್ಣಿಗೆ ಬಿಗಿದು ಕಟ್ಟಿಕೊಂಡು ಕೂತಿದ್ದ. ಅದು ಹೆಪ್ಪುಗಟ್ಟಿ ರೆಪ್ಪೆಗೆ ಅಂಟಿತ್ತು. ಪರಮಯ್ಯನವರ ಮಕ್ಕಳು ಏಣಿ ತಂದು ಅವನನ್ನು ಇಳಿಸಿದರು. ಉಳಿದವರು ಸುತ್ತ ನಿಂತು ಅಳುತ್ತ ನಗುತ್ತ ಇದ್ದರೆ, ನೀಲಾವತಿ ಅವನ ಮುಖವನ್ನು ಎರಡು ಅಂಗೈಯಲ್ಲಿ ಹಿಡಿದು, ರುಮಾಲಿಗೆ ಬಾಯಿ ಹಚ್ಚಿ, ಬಿಸಿಯುಸಿರು ಬಿಟ್ಟು ಬಿಟ್ಟು ಅದನ್ನು ಬಿಡಿಸಿದಳು. ಊರೆದುರು ಹೆಂಡತಿ ಗಂಡನ ಮುಖಕ್ಕೆ ಬಾಯಿ ಹಚ್ಚಿದ್ದನ್ನು ಆಡಿಕೊಳ್ಳುವ ಧೈರ್ಯ ಇವತ್ತಿನವರೆಗೆ ಯಾರಿಗೂ ಬಂದಿಲ್ಲ.

ಆ ಗುಡ್ಡ ಮಳೆಗಾಲ ಹಿಡಿಯುವವರೆಗೂ ನಮ್ಮ ಅಂಗಳದಲ್ಲೇ ಇತ್ತು. ಆ ವರ್ಷ ಊರಿನ ಒಂದು ಮೀನೂ ಕೆಡಲಿಲ್ಲ. ಜೀವಮಾನವೆಲ್ಲ ದೂರದಿಂದ ನೋಡಿದ್ದ ಮುದುಕಿಯರು ಬಂದು ಅದನ್ನು ಕೈಯಿಂದ ಮುಟ್ಟಿ, ಕೆನ್ನೆ ಒತ್ತಿ, "ಅಯ್ಯೋ, ಇಷ್ಟು ತಣ್ಣಗಿರ್ತದ್ಯಾ!" ಎಂದು ಮಕ್ಕಳ ಹಾಗೆ ಕಿರುಚಿ ಹೋದರು. ನಾವು ದಿಬ್ಬದ ಮೇಲಿನ ಬಲೆಮನೆಯಲ್ಲಿ ಬಿಡಾರ ಹೂಡಿದ್ದೆವು, ನಾವು, ಕೋಳಿಗಳು ಮತ್ತು ಆ ಬಾಗಿಲು.

ಮಳೆ ನಿಂತ ಮೇಲೆ ಗೋಡೆ ಕಟ್ಟಲು ಊರೆಲ್ಲ ಬಂತು. ಹಮ್ಮಣ್ಣ ದಿನವೂ ಬರುತ್ತಿದ್ದ. "ಗಾಳಿ ತಿರುಗ್ತು ಅಕ್ಕಾ, ಅದಕ್ಕೇ ಬಂತು" ಎಂದು ಮೊದಲ ದಿನವೇ ಶುರುಮಾಡಿದ. ನಾನು ನಕ್ಕು, "ಹೌದಾ ತಮ್ಮಾ, ಆ ಕಲ್ಲು ಎತ್ತು" ಎಂದೆ. ಒಂದು ಮಧ್ಯಾಹ್ನ ಇಬ್ಬರೇ ಇದ್ದಾಗ ಕೈಯಲ್ಲಿದ್ದ ಕಲ್ಲನ್ನು ಇಡದೆ ನಿಂತ.

"ನೀವೆಲ್ಲ ಒಟ್ಟಿಗೆ ಬೆನ್ನು ಹಾಕಿದ್ರಲ್ಲ, ಆಗ ಊರು ನನ್ನ ಕೈಬಿಟ್ತು ಅಂದ್ಕಂಡೆ. ಎಷ್ಟು ಬೆನ್ನು ಅಕ್ಕಾ, ಒಂದು ಮುಖ ಇಲ್ಲ. ನೀಲು ಸೆರಗು ಮುಚ್ಚಿದ್ದು ಎಂತಕ್ಕೆ ಅಂತ ಆಮೇಲೆ ಹೊಳೀತು. ಹೊಳೆದ್ರೂ ಮುಚ್ಚೂಕೆ ಧೈರ್ಯ ಇಲ್ಲ. ಮುಚ್ಚಿದ್ರೆ ಅದೇ ಕಡೇ ನೋಟ ಅಲ್ದಾ? ಅವಳ ಬೆನ್ನನ್ನೇ ನೋಡ್ತಾ ಕೂತೆ. ಅಷ್ಟರಲ್ಲಿ ಅವಳ ಕೂಗು ಬಂತು." ಕಲ್ಲನ್ನು ಗೋಡೆಯ ಮೇಲಿಟ್ಟ. "ಅವಳು ಅಷ್ಟು ಜೋರು ಕೂಗ್ತಾಳೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಮಾರಾಯ್ತಿ."

ಹೊಸ ಮನೆಗೆ ಹೊಕ್ಕ ಮೇಲೆ ಒಂದು ಬೆಳಿಗ್ಗೆ ನಾನು ಮರಳಿಗೆ ಇಳಿದಾಗ ಹಮ್ಮಣ್ಣ ಪರಮಯ್ಯನವರ ದೋಣಿಯಲ್ಲಿ ಕಡಲಿಗೆ ಹೊರಟಿದ್ದ. ಅವನು ಗುಡ್ಡದಿಂದ ಇಳಿದ ಮೇಲೆ ಅದೇ ಮೊದಲ ಸಲ. ದೋಣಿ ಅಲೆ ದಾಟುತ್ತಿದ್ದಂತೆ ದಡದಲ್ಲಿದ್ದ ಹೆಂಗಸರೆಲ್ಲ ಹಣೆಗೆ ಕೈ ಹಚ್ಚಿ ನೋಡುತ್ತ ನಿಂತರು. ನೀಲಾವತಿ ಮಾತ್ರ ಖಾಲಿ ಬುಟ್ಟಿಯನ್ನು ಸೊಂಟಕ್ಕೇರಿಸಿ ಮನೆ ಕಡೆ ತಿರುಗಿದ್ದಳು.

"ಎಂತದೇ, ಗಂಡ ಇನ್ನೂ ಕಣ್ಣೆದುರಿಗೇ ಇದ್ದಾನೆ, ಆಗಲೇ ಹೊರಟ್ಯಾ?" ಎಂದು ಕೇಳಿದೆ.

"ನೋಡ್ತಾ ನಿಂತ್ರೆ ಹೋಗ್ತಾರೆ ಅಕ್ಕಾ" ಎಂದಳು ಅವಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಡಲಿಗೆ ಬೆನ್ನು ಹಾಕಿ, ಮಧ್ಯಾಹ್ನಕ್ಕೆ ಇಬ್ಬರ ಅನ್ನಕ್ಕಿಡಲು ಸರಸರ ಮನೆಯ ದಾರಿ ಹಿಡಿದಳು.